ಎಡದ ಎದೆ, ಹಿಡಿದ ಉಸಿರು

ಸ್ತನದ ಅರ್ಬುದರೋಗಕ್ಕೆ ಕಿರಣಗಳ ಚಿಕಿತ್ಸೆಯನ್ನು ಪ್ರಯೋಗಿಸತೊಡಗಿದಂದಿನಿಂದ ಸುಮಾರು ಮುಕ್ಕಾಲು ಶತಮಾನದವರೆಗೆ ಆ ವಿದ್ಯೆಯಲ್ಲಿ ನುರಿತ ವೈದ್ಯರು ನಿಶ್ಚಿಂತೆಯಿಂದ ನಂಬಿಕೊಂಡಿದ್ದ ಸಂಗತಿಯೊಂದಿತ್ತು: ಮಾನವದೇಹದ ಅವಯವಗಳ ಪೈಕಿ ಹೃದಯವು ಕಿರಣಗಳಿಗೆ ಸುಲಭದಲ್ಲಿ ಜಗ್ಗುವಂಥದಲ್ಲ ಎಂಬುದು. ಚರ್ಮವು ಕೆಂಪಡರಿ ಸುಲಿಯುತ್ತಿತ್ತು. ಶ್ವಾಸಕೋಶವು ಉರಿಗೊಂಡು ಕೆಮ್ಮು ಹತ್ತುತ್ತಿತ್ತು. ರಕ್ತಕಣಗಳ ಸಂಖ್ಯೆ ಕುಗ್ಗುತ್ತಿತ್ತು. ಇವೆಲ್ಲ ವಾರಗಳಲ್ಲಿ, ತಪ್ಪಿದರೆ ತಿಂಗಳುಗಳಲ್ಲಿ, ಕಣ್ಣಿಗೆ ಬೀಳುವ ಹಾನಿಗಳು. ಹೃದಯವಾದರೋ ಚಿಕಿತ್ಸೆಯ ದಿನ ಹೇಗೆ ಮಿಡಿಯುತ್ತಿತ್ತೋ ಮರುವರ್ಷವೂ ಹಾಗೆಯೇ ಮಿಡಿಯುತ್ತಿತ್ತು. ಆದುದರಿಂದ ಅದಕ್ಕೇನೂ ಆಗಿಲ್ಲವೆಂದೇ ಎಲ್ಲರೂ ಭಾವಿಸಿದರು. ಇಂದು ಅದೇ ಚಿಕಿತ್ಸೆಗೆಂದು ಮಲಗಿದ ಎಡಸ್ತನದ ರೋಗಿಗೆ, ದೀರ್ಘವಾಗಿ ಉಸಿರೆಳೆದು ಇಪ್ಪತ್ತು ಸೆಕೆಂಡುಗಳಷ್ಟು ಕಾಲ ಬಿಗಿಹಿಡಿಯುವಂತೆ ಹೇಳಿ, ಆ ಅವಧಿಯಲ್ಲಿ ಮಾತ್ರವೇ ಕಿರಣವನ್ನು ಹಾಯಿಸುತ್ತಾರೆ. ಹೃದಯವು ಕಿರಣದ ಹಾದಿಯಿಂದ ಸರಿದು ನಿಲ್ಲಲಿ ಎಂಬುದೊಂದೇ ಅದರ ಉದ್ದೇಶ. ಇಷ್ಟು ಸರಳವಾದ ಉಪಾಯಕ್ಕೆ ನೂರು ವರ್ಷಗಳು ಏಕೆ ಹಿಡಿದುವೆಂಬುದನ್ನು ವಿಚಾರಿಸತಕ್ಕದ್ದು ನ್ಯಾಯವೆಂದು ನನಗೆ ತೋರುತ್ತದೆ.

1895ರ ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಅವರು ಕ್ಷ-ಕಿರಣಗಳನ್ನು ಕಂಡುಕೊಂಡ ಮರುವರ್ಷವೇ ಹ್ಯಾಂಬುರ್ಗಿನ ಹೆರ್ಮನ್ ಗೋಖ್ಟ್ ಎಂಬ ವೈದ್ಯರು ಅವನ್ನು ಸ್ತನದ ಅರ್ಬುದದ ಮೇಲೆ ಪ್ರಯೋಗಿಸಿದ್ದರು. ಆಗ ಶಸ್ತ್ರವೈದ್ಯರಿಗೆಲ್ಲ ಪ್ರಮಾಣವಾಗಿದ್ದದ್ದು ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ಅವರ ಉಗ್ರವಾದ ಶಸ್ತ್ರಕ್ರಿಯೆ: ಸ್ತನವನ್ನೂ, ಅದರಡಿಯ ಸ್ನಾಯುಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆದುಹಾಕುವುದು. ಇಷ್ಟು ಕ್ರೌರ್ಯ ಬೇಡವೆಂದು ವಾದಿಸಿ, 1920ರ ದಶಕದಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಜೆಫ್ರಿ ಕೇನ್ಸ್ ಅವರು (ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ತಮ್ಮ) ರೇಡಿಯಂ ತುಂಬಿದ ಸೂಜಿಗಳನ್ನು ಸ್ತನದೊಳಗೇ ನೆಟ್ಟು ರೋಗವನ್ನು ಅಡಗಿಸಲೆತ್ನಿಸಿದರು. 1940ರ ದಶಕದಲ್ಲಿ ಎಡಿನ್‌ಬರೋದ ರಾಬರ್ಟ್ ಮ್ಯಾಕ್‌ವರ್ಟರ್ ಅವರು ಸ್ತನವನ್ನಷ್ಟೇ ತೆಗೆದು ಉಳಿದ ಪ್ರದೇಶಕ್ಕೆ ಕಿರಣ ಕೊಡುವ ಪದ್ಧತಿಯನ್ನು ರೂಢಿಗೆ ತಂದರು. ಮುಂದೆ ಮಿಲಾನಿನ ಉಂಬರ್ತೋ ವೆರೊನೇಸಿ ಅವರು 1981ರಲ್ಲಿಯೂ ಅಮೆರಿಕದ ಬರ್ನಾರ್ಡ್ ಫಿಷರ್ ಅವರು 1985ರಲ್ಲಿಯೂ ಪ್ರಕಟಿಸಿದ ಪರೀಕ್ಷೆಗಳಿಂದ, ಗಂಟನ್ನು ಮಾತ್ರ ತೆಗೆದು ಸ್ತನವನ್ನು ಉಳಿಸಿಕೊಂಡು ಕಿರಣ ಕೊಟ್ಟರೂ ಆಯುಷ್ಯದಲ್ಲಿ ಕೊರತೆಯಾಗದೆಂಬುದು ಸಿದ್ಧವಾಯಿತು. ಹೀಗೆ ಹೆಂಗಸರು ಶರೀರದ ಒಂದಂಗವನ್ನು ಉಳಿಸಿಕೊಳ್ಳುವಂತಾದದ್ದು ಬಹುಮಟ್ಟಿಗೆ ಕಿರಣದ ಕೃಪೆಯಿಂದಲೇ ಎಂಬುದನ್ನು, ಅದರ ದೋಷವನ್ನು ಹೇಳಹೊರಟಿರುವ ಈ ಲೇಖನದಲ್ಲಿ ಮೊದಲೇ ಒಪ್ಪಿಕೊಳ್ಳಬೇಕು.

ದೋಷವು ಇದ್ದದ್ದು ನೆರೆಹೊರೆಯಲ್ಲಿ. ಎಡಸ್ತನದ ಹಿಂದೆ ಪಕ್ಕೆಲುಬುಗಳು, ಅವುಗಳ ಹಿಂದೆ ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಹೃದಯದ ಮುಮ್ಮುಖ. ಆ ಮುಮ್ಮುಖದ ಮೇಲೆಯೇ, ಹೃದಯಸ್ನಾಯುವಿನ ಬಹುಭಾಗಕ್ಕೆ ರಕ್ತವನ್ನೊದಗಿಸುತ್ತ ಇಳಿಯುವ ಎಡ ಮುಂಭಾಗದ ಅಪಧಮನಿ. ಹಳೆಯ ಕಾಲದ ವೈದ್ಯರು ಎದೆಮೂಳೆಯ ಅಂಚಿನಲ್ಲಿ ಅಡಗಿರುವ ಗ್ರಂಥಿಗಳಿಗೂ ರೋಗವು ಹಬ್ಬಿರಬಹುದೆಂಬ ಎಚ್ಚರದಿಂದ ಅಲ್ಲಿಗೆ ನೇರವಾಗಿ ಮುಂದಿನಿಂದಲೇ ಕಿರಣವನ್ನು ಹಾಯಿಸುತ್ತಿದ್ದರು. ಆ ಕಿರಣವು ಗ್ರಂಥಿಗಳನ್ನು ದಾಟಿ ಹೃದಯದೊಳಕ್ಕೇ ಹೊಗುತ್ತಿತ್ತು. 1951ರಲ್ಲಿ ಕೆನಡಾದಲ್ಲಿ ಚಿಕಿತ್ಸೆಗೆ ತೊಡಗಿದ ಕೋಬಾಲ್ಟ್ ಯಂತ್ರವೂ, ಅನಂತರ ಬಂದ ಲೀನಿಯರ್ ಆಕ್ಸಿಲರೇಟರೂ ಚರ್ಮವನ್ನು ಸುಡದೆ ಆಳಕ್ಕೆ ಇಳಿಯಬಲ್ಲವುಗಳಾದುದರಿಂದ ಅವುಗಳ ಸೌಮ್ಯತೆಯೇ ಹೃದಯಕ್ಕೆ ಅಪಾಯವಾಯಿತೆನ್ನಬಹುದು. ಕ್ರಮೇಣ, ಬೆಟ್ಟದ ಓರೆಯನ್ನು ಸವರಿಕೊಂಡು ಹೋಗುವ ಸಂಜೆಬಿಸಿಲಿನಂತೆ, ಸ್ತನವನ್ನು ಪಕ್ಕಗಳಿಂದ ಸವರಿ ಹೊರಬೀಳುವ ಓರೆಕಿರಣಗಳ ಪದ್ಧತಿ ಬಲವಾಯಿತು. ಹಾನಿ ಬಹಳಷ್ಟು ತಗ್ಗಿತು, ಆದರೆ ಎಡಗಡೆಯಲ್ಲಿ ಆ ಓರೆಯೊಳಗೆ ಹೃದಯದ ಒಂದು ಚೂರು ಸಿಕ್ಕಿಕೊಳ್ಳುವುದು ತಪ್ಪಲಿಲ್ಲ.

ಹೃದಯವು ಕಿರಣಕ್ಕೆ ಜಗ್ಗದೆಂಬ ನಂಬಿಕೆಯನ್ನು ಮೊದಲು ಅಲುಗಿಸಿದವರಲ್ಲಿ ಪ್ರಮುಖರೆಂದರೆ 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿದ್ದ ರಾಬರ್ಟ್ ಸ್ಟೂವರ್ಟ್ ಮತ್ತು ಲೂಯಿಸ್ ಫಹಾರ್ದೊ ಅವರು. ಎದೆಯ ಮಧ್ಯಭಾಗಕ್ಕೆ ಹೆಚ್ಚಿನ ಕಿರಣವನ್ನು ಪಡೆದು ಹಾಜ್‌ಕಿನ್ ರೋಗವೆಂಬ ದುಗ್ಧಗ್ರಂಥಿಗಳ ಅರ್ಬುದದಿಂದ ಪಾರಾದ ತರುಣರಲ್ಲಿ ಹೃದಯದ ಪೊರೆ ಊದಿಕೊಳ್ಳುವುದನ್ನೂ, ಸ್ನಾಯುವಿನಲ್ಲಿ ನಾರು ಬೆಳೆಯುವುದನ್ನೂ ಅವರು ಕಂಡರು. ಸ್ತನದ ರೋಗಿಗಳ ವಿಷಯದಲ್ಲಿ ಮಾತ್ರ ಸತ್ಯವು ಬೇರೆ ದಾರಿಯಿಂದ, ಅತ್ಯಂತ ನಿಧಾನವಾಗಿ, ಹೊರಬೀಳಬೇಕಾಯಿತು.

ಮ್ಯಾಂಚೆಸ್ಟರಿನ ಕ್ರಿಸ್ಟೀ ಆಸ್ಪತ್ರೆಯಲ್ಲಿ ರಾಲ್‌ಸ್ಟನ್ ಪ್ಯಾಟರ್ಸನ್ ಅವರು 1949ರಲ್ಲಿ, ಶಸ್ತ್ರಕ್ರಿಯೆಯಾದ ಹೆಂಗಸರಲ್ಲಿ ಕೆಲವರಿಗೆ ಕಿರಣ ಕೊಟ್ಟು ಕೆಲವರಿಗೆ ಕೊಡದೆ ಹೋಲಿಸಿ ನೋಡುವ ಪರೀಕ್ಷೆಯೊಂದನ್ನು ಆರಂಭಿಸಿದರು. ಮುಂದಿನ ದಶಕಗಳಲ್ಲಿ ಆಸ್ಲೋ, ಸ್ಟಾಕ್‌ಹೋಮ್ ಮೊದಲಾದೆಡೆಗಳಲ್ಲಿಯೂ ಅಂಥ ಪರೀಕ್ಷೆಗಳು ನಡೆದುವು. ಕಿರಣದಿಂದ ಎದೆಯ ಮೇಲೆ ರೋಗವು ಮರುಕಳಿಸುವುದು ಕಡಿಮೆಯಾಗುತ್ತಿತ್ತೆಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಒಟ್ಟು ಆಯುಷ್ಯ ಹೆಚ್ಚಲಿಲ್ಲ. ಈ ಒಗಟನ್ನು ಬಿಡಿಸಲೆಂದು ಜ್ಯಾಕ್ ಕ್ಯೂಸಿಕ್ ಮತ್ತು ಅವರ ಸಹೋದ್ಯೋಗಿಗಳು 1975ಕ್ಕೆ ಮೊದಲು ತೊಡಗಿದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 1987ರಲ್ಲಿ ಲೆಕ್ಕ ಹಾಕಿದಾಗ, ಮೊದಲ ಹತ್ತು ವರ್ಷ ಎರಡು ಗುಂಪುಗಳೂ ಸಮನಾಗಿ ನಡೆದು, ಅನಂತರ ಕಿರಣ ಪಡೆದವರ ಗುಂಪಿನಲ್ಲಿಯೇ ಸಾವುಗಳು ಹೆಚ್ಚಾಗಿರುವುದು ಕಂಡುಬಂತು. 1994ರಲ್ಲಿ ಅದೇ ವಿದ್ವಾಂಸರು ಸಾವಿನ ಕಾರಣಗಳನ್ನು ಬೇರ್ಪಡಿಸಿ ನೋಡಿದರು: ಅರ್ಬುದದಿಂದಾದ ಸಾವುಗಳು ಕಿರಣ ಪಡೆದವರಲ್ಲಿ ಕಡಿಮೆಯಾಗಿದ್ದುವು, ಹೃದ್ರೋಗದಿಂದಾದ ಸಾವುಗಳು ಹೆಚ್ಚಾಗಿದ್ದುವು. ಒಂದು ಕೈಯಿಂದ ಕೊಟ್ಟದ್ದನ್ನು ಚಿಕಿತ್ಸೆಯು ಇನ್ನೊಂದು ಕೈಯಿಂದ ಕಸಿದುಕೊಂಡಿತ್ತು, ಅದೂ ಹತ್ತು ಹದಿನೈದು ವರ್ಷಗಳ ತರುವಾಯ, ರೋಗವೇ ಮರೆತುಹೋದ ಮೇಲೆ. ಅರುವತ್ತೈದು ವಯಸ್ಸಿನ ಹೆಂಗಸೊಬ್ಬಳು ಎದೆನೋವಿನಿಂದ ತೀರಿಕೊಂಡರೆ, ಐವತ್ತರಲ್ಲಿ ಆಕೆ ಪಡೆದಿದ್ದ ಕಿರಣವನ್ನು ಯಾವ ವೈದ್ಯರು ನೆನೆದಾರು? ಒಂದೊಂದು ಸಾವೂ ತನ್ನಷ್ಟಕ್ಕೆ ಸಹಜವಾಗಿಯೇ ಕಾಣುತ್ತಿತ್ತು. ಸಾವಿರಾರು ಸಾವುಗಳನ್ನು ಪಕ್ಕಪಕ್ಕದಲ್ಲಿಟ್ಟು ಎಣಿಸಿದವರಿಗೆ ಮಾತ್ರ ಸತ್ಯವು ತೋರಿತು.

ಆಮೇಲೆ ಬಂದ ಇನ್ನೊಂದು ಎಣಿಕೆಯಂತೂ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ತೋರಿದ್ದು. ರೋಗವು ಯಾವ ಸ್ತನದಲ್ಲಿ ಹುಟ್ಟಬೇಕೆಂಬುದನ್ನು ಹೆಂಗಸೂ ಆರಿಸಿಕೊಳ್ಳುವುದಿಲ್ಲ, ವೈದ್ಯನೂ ಆರಿಸುವುದಿಲ್ಲ. ಎಡದವರಿಗೂ ಬಲದವರಿಗೂ ವಯಸ್ಸಿನಲ್ಲಾಗಲಿ, ಆಹಾರದಲ್ಲಾಗಲಿ, ಐಶ್ವರ್ಯದಲ್ಲಾಗಲಿ ಗಣನೀಯವಾದ ಭೇದವಿಲ್ಲ. ಆದುದರಿಂದ ಕಿರಣ ಪಡೆದವರಲ್ಲಿ ಎಡಗಡೆಯವರು ಬಲಗಡೆಯವರಿಗಿಂತ ಹೆಚ್ಚಾಗಿ ಹೃದ್ರೋಗದಿಂದ ಸತ್ತರೆ ಅದಕ್ಕೆ ಕಿರಣವಲ್ಲದೆ ಬೇರೆ ಕಾರಣವನ್ನು ಹುಡುಕುವುದು ಕಷ್ಟ. ಆಕ್ಸ್‌ಫರ್ಡಿನ ಸಾರಾ ಡಾರ್ಬಿ ಮತ್ತು ಸಂಗಡಿಗರು ಅಮೆರಿಕದ ಅರ್ಬುದ ನೋಂದಣಿಯಲ್ಲಿದ್ದ ಸುಮಾರು 3 ಲಕ್ಷ ಹೆಂಗಸರ ದಾಖಲೆಗಳನ್ನು ಈ ರೀತಿ ಎಡಬಲಗಳಾಗಿ ವಿಂಗಡಿಸಿ 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1973ರಿಂದ 1982ರವರೆಗೆ ರೋಗ ಪತ್ತೆಯಾಗಿ ಕಿರಣ ಪಡೆದವರಲ್ಲಿ, ಎಡಗಡೆಯವರ ಹೃದ್ರೋಗದ ಸಾವು ಬಲಗಡೆಯವರದಕ್ಕಿಂತ ಮೊದಲ ಹತ್ತು ವರ್ಷಗಳಲ್ಲಿ ನೂರಕ್ಕೆ 20ರಷ್ಟು ಹೆಚ್ಚು. ಹತ್ತರಿಂದ ಹದಿನೈದನೆಯ ವರ್ಷದೊಳಗೆ 42ರಷ್ಟು. ಹದಿನೈದು ದಾಟಿದ ಮೇಲೆ 58ರಷ್ಟು. ಕಿರಣ ಪಡೆಯದವರಲ್ಲಿ ಎಡಬಲಗಳಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮುಂದಿನ ದಶಕದಲ್ಲಿ ಚಿಕಿತ್ಸೆ ಪಡೆದವರಲ್ಲಿ ಅಪಾಯವು ಕುಗ್ಗಿತ್ತು, ಅಳಿಸಿಹೋಗಿರಲಿಲ್ಲ.

ಇನ್ನು ಉಸಿರಿನ ಮಾತು. ಎದೆಯ ಕ್ಷ-ಕಿರಣ ಚಿತ್ರವನ್ನು ತೆಗೆಸಿಕೊಂಡವರೆಲ್ಲರಿಗೂ ಆ ಕೋಣೆಯ ಆಜ್ಞೆ ನೆನಪಿರುತ್ತದೆ: ಉಸಿರು ಎಳೆಯಿರಿ, ಹಿಡಿಯಿರಿ, ಅಲುಗಬೇಡಿ. ಪೂರ್ಣವಾಗಿ ಉಸಿರೆಳೆದಾಗ ಎದೆಗೂಡಿನ ನೆಲದಂತಿರುವ ವಪೆಯು ಕೆಳಗಿಳಿಯುತ್ತದೆ. ಹೃದಯದ ಪೊರೆಯು ವಪೆಯ ನಡುಭಾಗಕ್ಕೆ ಅಂಟಿಕೊಂಡಿರುವುದರಿಂದ ಹೃದಯವೂ ಅದರೊಡನೆ ಕೆಳಕ್ಕೆಳೆಯಲ್ಪಟ್ಟು ಉದ್ದವಾಗಿ ಸಣ್ಣಗಾಗುತ್ತದೆ. ಪಕ್ಕೆಲುಬುಗಳು ಮುಂದಕ್ಕೂ ಮೇಲಕ್ಕೂ ಏಳುತ್ತವೆ. ನಡುವೆ ತೆರೆದ ಜಾಗದಲ್ಲಿ ಗಾಳಿ ತುಂಬಿದ ಶ್ವಾಸಕೋಶವು ಬಂದು ನಿಲ್ಲುತ್ತದೆ. ಇದನ್ನು ಚಿತ್ರ ತೆಗೆಯುವವರು ಇಪ್ಪತ್ತನೆಯ ಶತಮಾನದ ಆದಿಭಾಗದಿಂದಲೂ ಬಲ್ಲರು. ಚಿತ್ರದ ಕೋಣೆಗೂ ಚಿಕಿತ್ಸೆಯ ಕೋಣೆಗೂ ನಡುವೆ ಎಷ್ಟೋ ಆಸ್ಪತ್ರೆಗಳಲ್ಲಿ ಇದ್ದದ್ದು ಒಂದೇ ಗೋಡೆ. ಆದರೂ ಒಂದೆಡೆ ನಿತ್ಯವೂ ಕೇಳಿಬರುತ್ತಿದ್ದ ಆಜ್ಞೆಯು ಇನ್ನೊಂದೆಡೆಗೆ ಹೋಗಲು ದಶಕಗಳು ಬೇಕಾದುವು. ಜ್ಞಾನವು ಇಲ್ಲದೆ ಇದ್ದುದರಿಂದ ಅಲ್ಲ, ಅದರ ಅಗತ್ಯವೇ ಯಾರಿಗೂ ತೋರದೆ ಇದ್ದುದರಿಂದ. ಯಾವ ಹೃದಯಕ್ಕೆ ಹಾನಿಯಿಲ್ಲವೆಂದು ನಂಬಿದ್ದರೋ ಅದನ್ನು ಸರಿಸುವ ಯೋಚನೆ ಯಾರಿಗೆ ಬಂದೀತು?

ಅಗತ್ಯವು ತೋರಿದೊಡನೆ ಕೆಲಸವು ಬೇಗಬೇಗನೆ ಸಾಗಿತು. ಶ್ವಾಸದ ಏರಿಳಿತಕ್ಕೆ ಅನುಸಾರವಾಗಿ ಕಿರಣವನ್ನು ತೆರೆದು ಮುಚ್ಚುವ ಪ್ರಯತ್ನಗಳು 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ನಡೆದಿದ್ದುವು. ಆದರೆ ಅವುಗಳ ಗುರಿ ಉಸಿರಿನೊಡನೆ ಓಲಾಡುವ ಗಡ್ಡೆಯನ್ನು ತಪ್ಪದೆ ಹಿಡಿಯುವುದಾಗಿತ್ತೇ ಹೊರತು ಹೃದಯವನ್ನು ಕಾಯುವುದಾಗಿರಲಿಲ್ಲ. 1997ರಲ್ಲಿ ಬಾಸ್ಟನ್ನಿನ ವೈದ್ಯರು ಎಂ.ಆರ್.ಐ. ಚಿತ್ರಗಳ ಸಹಾಯದಿಂದ, ದೀರ್ಘವಾಗಿ ಉಸಿರೆಳೆದಾಗ ಎಡಸ್ತನದ ಕಿರಣಕ್ಷೇತ್ರದೊಳಗೆ ಸಿಗುವ ಹೃದಯಭಾಗವು ಕುಗ್ಗುವುದೆಂದು ತೋರಿಸಿದರು. 1999ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ರಾಯಲ್ ಓಕ್ ಊರಿನ ವಿಲಿಯಂ ಬೋಮಾಂಟ್ ಆಸ್ಪತ್ರೆಯಲ್ಲಿದ್ದ ಜಾನ್ ವಾಂಗ್ ಎಂಬ ಭೌತವಿಜ್ಞಾನಿ, ಉಸಿರನ್ನು ಬೇಕಾದ ಘಟ್ಟದಲ್ಲಿ ತಡೆದು ನಿಲ್ಲಿಸುವ ಯಂತ್ರವನ್ನು ವರ್ಣಿಸಿದರು. 2001ರಲ್ಲಿ ಟೊರಾಂಟೊದಲ್ಲಿಯೂ, 2003ರಲ್ಲಿ ರಾಯಲ್ ಓಕ್‌ನಲ್ಲಿಯೂ ಅದನ್ನು ಸ್ತನದ ರೋಗಿಗಳಿಗೆ ಅನ್ವಯಿಸಿದ ವಿವರಗಳು ಅಚ್ಚಾದುವು. ಕೋಪನ್‌ಹೇಗನ್ನಿನ ವೈದ್ಯರು ಒಂದು ಚಿಕ್ಕ ಗುಂಪಿನ ರೋಗಿಗಳಲ್ಲಿ ಅಳೆದು ನೋಡಿದಾಗ, ನಿಯಮಿಸಿದ ಪ್ರಮಾಣದ ಅರ್ಧಕ್ಕಿಂತ ಹೆಚ್ಚು ಕಿರಣಕ್ಕೆ ಗುರಿಯಾಗುವ ಹೃದಯಭಾಗವು ಸಹಜ ಉಸಿರಾಟದಲ್ಲಿ ನೂರಕ್ಕೆ ಸುಮಾರು 19 ಆಗಿದ್ದದ್ದು ಹಿಡಿದ ಉಸಿರಿನಲ್ಲಿ 2ಕ್ಕೆ ಇಳಿದಿತ್ತು.

ವಾಂಗ್ ಅವರ ಯಂತ್ರವನ್ನು ಹತ್ತಿರದಿಂದ ನೋಡಬೇಕು. ರೋಗಿಯು ಎರಡು ಕೈಗಳನ್ನೂ ತಲೆಯ ಮೇಲಕ್ಕೆತ್ತಿ ಅಂಗಾತ ಮಲಗಿರುತ್ತಾಳೆ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ರಬ್ಬರಿನ ಕೊಳವೆ. ಕೊಳವೆಯ ಇನ್ನೊಂದು ತುದಿಯಲ್ಲಿ ಒಳಹೊಗುವ ಗಾಳಿಯನ್ನಳೆಯುವ ಮಾಪಕವೂ ಒಂದು ಕವಾಟವೂ ಇವೆ. ಆಕೆಯ ಪೂರ್ಣಶ್ವಾಸದ ಮುಕ್ಕಾಲು ಪಾಲಿನಷ್ಟು ಗಾಳಿ ಒಳಸೇರಿದೊಡನೆ ಕವಾಟವು ಮುಚ್ಚಿಕೊಳ್ಳುತ್ತದೆ. ಆಗ ಉಸಿರು ನಿಂತಲ್ಲೇ ನಿಲ್ಲುತ್ತದೆ. ಆಕೆಯ ಬೆರಳಿನಡಿಯಲ್ಲಿ ಒಂದು ಗುಂಡಿ. ಅದನ್ನು ಒತ್ತಿರುವವರೆಗೆ ಮಾತ್ರ ಕವಾಟವು ಮುಚ್ಚಬಲ್ಲದು, ಬೆರಳು ಸಡಿಲಿದರೆ ತೆರೆದುಕೊಳ್ಳುವುದು. ಉಸಿರನ್ನು ಯಂತ್ರದ ವಶಕ್ಕೊಪ್ಪಿಸಿಯೂ ಕಡೆಯ ಅಧಿಕಾರವನ್ನು ರೋಗಿಯ ಬೆರಳಿನಲ್ಲಿಯೇ ಉಳಿಸಿದ ಈ ಏರ್ಪಾಟು ಕೇವಲ ಯಂತ್ರಜ್ಞಾನದ್ದಲ್ಲ, ಸಂಸ್ಕಾರದ್ದು ಎಂದು ನನ್ನ ಭಾವನೆ.

ಆದರೆ ಯಂತ್ರವು ಬೆಲೆಯುಳ್ಳದ್ದು, ಕೊಳವೆಯನ್ನು ಕಚ್ಚಿಕೊಂಡಿರುವುದು ಎಲ್ಲರಿಗೂ ಹಿತವಲ್ಲ. ಇಂಗ್ಲೆಂಡಿನ ಸಟನ್ನಿನಲ್ಲಿರುವ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರು, ರೋಗಿಯು ತಾನಾಗಿಯೇ ಉಸಿರು ಹಿಡಿದರೆ ಸಾಲದೇ ಎಂದು ಕೇಳಿ, 23 ಮಂದಿ ಹೆಂಗಸರಲ್ಲಿ ಎರಡು ವಿಧಾನಗಳನ್ನೂ ಹೋಲಿಸಿ 2013ರಲ್ಲಿ ಉತ್ತರವನ್ನು ಪ್ರಕಟಿಸಿದರು. ಅವರ ವಿಧಾನದಲ್ಲಿ ಕೊಳವೆಯಿಲ್ಲ, ಕವಾಟವಿಲ್ಲ. ಕಿರಣವು ಎಲ್ಲಿ ಬೀಳುವುದೆಂದು ತೋರಿಸುವ ದೀಪದ ಬೆಳಕು ಪ್ರತಿಯೊಂದು ಯಂತ್ರದಲ್ಲಿಯೂ ಇದ್ದೇ ಇರುತ್ತದೆ. ಉಸಿರೆಳೆದಾಗ ಎದೆ ಎದ್ದು, ಚರ್ಮದ ಮೇಲೆ ಬರೆದ ಗುರುತು ಆ ಬೆಳಕಿನ ಅಂಚಿಗೆ ಬಂದು ಕೂಡುತ್ತದೆ. ಹೊರಗಿನ ಕೋಣೆಯಲ್ಲಿ ಕುಳಿತ ತಂತ್ರಜ್ಞರು ಟಿ.ವಿ. ಪರದೆಯ ಮೇಲೆ ಆ ಅಂಚನ್ನೂ ಗುರುತನ್ನೂ ನೋಡುತ್ತಿದ್ದು, ಎರಡೂ ಕೂಡಿದಾಗ ಕಿರಣವನ್ನು ಬಿಡುತ್ತಾರೆ, ಅಗಲಿದರೆ ನಿಲ್ಲಿಸುತ್ತಾರೆ. ನಿಖರತೆಯಲ್ಲಿಯೂ ಹೃದಯರಕ್ಷಣೆಯಲ್ಲಿಯೂ ಇದು ಯಂತ್ರಕ್ಕೆ ಸಮನಾಗಿ ನಿಂತಿತು. ರೋಗಿಗಳೂ ತಂತ್ರಜ್ಞರೂ ಇದನ್ನೇ ಮೆಚ್ಚಿದರು. ಹೊಟ್ಟೆಯ ಮೇಲಿಟ್ಟ ಚಿಕ್ಕ ಪೆಟ್ಟಿಗೆಯ ಏರಿಳಿತವನ್ನು ಅವಗೆಂಪು ಕ್ಯಾಮೆರಾದಿಂದ ಗಮನಿಸುವ ವಿಧಾನವೂ, ಚರ್ಮದ ಮೇಲ್ಮೈಯನ್ನೇ ಕ್ಯಾಮೆರಾಗಳಿಂದ ಅಳೆಯುವ ವಿಧಾನವೂ ಈಗ ಬಳಕೆಯಲ್ಲಿವೆ. ಅವು ಅನುಕೂಲಗಳೇ ಸರಿ, ಆದರೆ ದೀಪ, ಗುರುತು, ಆಜ್ಞೆ ಇಷ್ಟರಿಂದಲೇ ಕೆಲಸವಾಗುವುದೆಂಬುದನ್ನು ಬಡ ಆಸ್ಪತ್ರೆಗಳು ಮರೆಯಬಾರದು.

ಅದೇ 2013ರಲ್ಲಿ ಡಾರ್ಬಿ ಅವರ ತಂಡದ ಮತ್ತೊಂದು ಅಧ್ಯಯನ ಬೆಳಕಿಗೆ ಬಂತು. 1958ರಿಂದ 2001ರವರೆಗೆ ಸ್ವೀಡನ್ ಮತ್ತು ಡೆನ್ಮಾರ್ಕುಗಳಲ್ಲಿ ಕಿರಣ ಪಡೆದ 2168 ಹೆಂಗಸರ ಹಳೆಯ ಚಿಕಿತ್ಸಾಪತ್ರಗಳನ್ನು ಹೊರತೆಗೆದು, ಅವುಗಳಲ್ಲಿ ಬರೆದಿದ್ದ ಕ್ಷೇತ್ರದ ಅಳತೆ, ಕೋನ, ಪ್ರಮಾಣಗಳ ಪ್ರಕಾರ ಸಾಮಾನ್ಯ ದೇಹರಚನೆಯ ಒಬ್ಬ ಹೆಂಗಸಿನ ಸಿ.ಟಿ. ಚಿತ್ರದ ಮೇಲೆ ಒಂದೊಂದು ಚಿಕಿತ್ಸೆಯನ್ನೂ ಪುನಃ ರಚಿಸಿ, ಒಬ್ಬೊಬ್ಬಳ ಹೃದಯಕ್ಕೂ ಎಷ್ಟು ಕಿರಣ ಬಿದ್ದಿರಬೇಕೆಂದು ಅವರು ಲೆಕ್ಕ ಹಾಕಿದರು. ಹೃದಯಕ್ಕೆ ಸರಾಸರಿಯಾಗಿ ಬಿದ್ದದ್ದು ಎಡಗಡೆಯವರಲ್ಲಿ 6.6 ಗ್ರೇ (ದೇಹವು ಹೀರಿದ ಕಿರಣವನ್ನಳೆಯುವ ಮಾನ), ಬಲಗಡೆಯವರಲ್ಲಿ 2.9 ಗ್ರೇ. ಒಂದೊಂದು ಗ್ರೇ ಹೆಚ್ಚಿದಂತೆಲ್ಲ ಹೃದಯಾಘಾತಾದಿಗಳ ಸಂಭವ ನೂರಕ್ಕೆ 7.4ರಷ್ಟು ಹೆಚ್ಚುತ್ತಿತ್ತು, ಇಷ್ಟರೊಳಗಿದ್ದರೆ ಅಪಾಯವೇ ಇಲ್ಲವೆನ್ನಬಹುದಾದ ಮಿತಿ ಕಾಣಲಿಲ್ಲ, ಹಾನಿಯು ಮೊದಲ ಐದು ವರ್ಷಗಳೊಳಗೇ ತೊಡಗಿ ಮೂರನೆಯ ದಶಕದವರೆಗೂ ಮುಂದುವರಿಯುತ್ತಿತ್ತು. ಮೊದಲೇ ಹೃದ್ರೋಗವುಳ್ಳವರಲ್ಲಿ, ರಕ್ತದೊತ್ತಡ ಸಕ್ಕರೆಕಾಯಿಲೆಗಳುಳ್ಳವರಲ್ಲಿ ಆ ಶೇಕಡಾವಾರು ಏರಿಕೆಯು ದೊಡ್ಡ ಸಂಖ್ಯೆಯಾಗಿ ಪರಿಣಮಿಸುವುದು ಸಹಜ. ಆರೋಗ್ಯವಂತೆಗೆ ಅದು ಚಿಕ್ಕದೇ. ಇದನ್ನೋದಿ ಕಿರಣಕ್ಕೆ ಯಾರೂ ಹೆದರಬಾರದು: ಸ್ತನವನ್ನುಳಿಸಿದ ಶಸ್ತ್ರಕ್ರಿಯೆಯ ತರುವಾಯ ಐದು ವರ್ಷಗಳಲ್ಲಿ ಸ್ಥಳದಲ್ಲೇ ರೋಗ ಮರುಕಳಿಸುವ ಸಂಭವವನ್ನು ನೂರಕ್ಕೆ 26ರಿಂದ 7ಕ್ಕೆ ಇಳಿಸಿದ್ದು ಈ ಚಿಕಿತ್ಸೆಯೇ. ಅರ್ಧ ಶತಮಾನದ ಹಿಂದೆ, ಯಾರು ಓದುವರೆಂಬುದನ್ನರಿಯದೆ, ಕೋನವನ್ನೂ ಅಳತೆಯನ್ನೂ ಶ್ರದ್ಧೆಯಿಂದ ಬರೆದಿಟ್ಟ ಆ ನಾರ್ಡಿಕ್ ಆಸ್ಪತ್ರೆಗಳ ಹೆಸರಿಲ್ಲದ ಸಿಬ್ಬಂದಿಗೆ ಇಂದಿನ ರೋಗಿಗಳು ಋಣಿಗಳು.

ನಮ್ಮ ನಾಡಿಗೆ ಈ ಚರಿತ್ರೆಯು ದೂರದ್ದಲ್ಲ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ನಡೆಸುತ್ತಿರುವ ನೋಂದಣಿಯಲ್ಲಿ ಹೆಂಗಸರ ಅರ್ಬುದಗಳ ಪೈಕಿ ಸ್ತನದ್ದೇ ಈಗ ಮುಂದಿದೆ; ಜನಸಾಮಾನ್ಯರು "ಕರೆಂಟು ಕೊಡುವುದು" ಎನ್ನುವ ಈ ಚಿಕಿತ್ಸೆಯಲ್ಲಿ ಉಸಿರು ಹಿಡಿಸುವ ಕ್ರಮವು ನಗರದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ಪ್ರಾಣಾಯಾಮದ ನಾಡಿನವರಾದ ನಮಗೆ ಇದೇ ನಮ್ಮ ಕುಂಭಕವೆಂದು ಹೇಳಿಕೊಳ್ಳುವ ಆಸೆ ಹುಟ್ಟುವುದುಂಟು. ಆದರೆ ಚರಿತ್ರೆ ಹಾಗಿಲ್ಲ, ಕ್ರಿಯೆಯೂ ಪೂರ್ತಿ ಹಾಗಿಲ್ಲ. ಹೊಟ್ಟೆಯಿಂದ ಉಸಿರಾಡುವುದನ್ನು ಅಭ್ಯಾಸ ಮಾಡಿಕೊಂಡ ಹೆಂಗಸಿಗೆ ಇಲ್ಲಿ ಎದೆಯನ್ನು ಉಬ್ಬಿಸಿ ಉಸಿರೆಳೆಯುವುದನ್ನು ಹೊಸದಾಗಿಯೇ ಕಲಿಸಬೇಕಾಗುತ್ತದೆ, ಏಕೆಂದರೆ ಗುರುತು ಇರುವುದು ಎದೆಯ ಮೇಲೆ. "ಅಮ್ಮಾ, ಬೆನ್ನು ಎತ್ತಬೇಡಿ, ಎದೆ ಮಾತ್ರ ಮೇಲೆ ಬರಲಿ, ಮೆಲ್ಲಗೆ ಎಳೀರಿ, ಸಾಕು, ಹಿಡೀರಿ" ಎಂಬ ಮಾತನ್ನು ಆಕೆಯ ಭಾಷೆಯಲ್ಲಿ, ಆಕೆಗೆ ಗಾಬರಿಯಾಗದಂತೆ ಹೇಳಬಲ್ಲ ತಂತ್ರಜ್ಞರಿಲ್ಲದಿದ್ದರೆ ಎಂಥ ಕ್ಯಾಮೆರಾ ಇದ್ದರೂ ನಿಷ್ಪ್ರಯೋಜಕ. ಚಿಕಿತ್ಸೆಗೆ ಮೊದಲೇ ಮನೆಯಲ್ಲಿ ಮಲಗಿ ಅಭ್ಯಾಸ ಮಾಡಿ ಬರಲು ಹೇಳುವ ಆಸ್ಪತ್ರೆಗಳದು ಒಳ್ಳೆಯ ಪದ್ಧತಿ. ಎಲ್ಲರಿಗೂ ಇದು ಸಾಧ್ಯವಾಗುವುದಿಲ್ಲ. ಉಬ್ಬಸವುಳ್ಳವರು, ತೀರ ಬಳಲಿದವರು ಹಿಡಿಯಲಾರರು. ಬಲಸ್ತನದವರಿಗೆ ಸಾಮಾನ್ಯವಾಗಿ ಇದರ ಅಗತ್ಯವೂ ಇಲ್ಲ.

ಉಸಿರು ಹಿಡಿಸುವ ವಿದ್ಯೆಯು ಇಷ್ಟಕ್ಕೇ ನಿಂತಿಲ್ಲ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನ ಸಂಶೋಧಕರು ಮೊದಲೇ ಆಮ್ಲಜನಕವನ್ನು ತುಂಬಿಸಿ, ಯಂತ್ರದ ಉಸಿರಾಟದಿಂದ ರಕ್ತದ ಇಂಗಾಲಾನಿಲವನ್ನು ತಗ್ಗಿಸಿ, ರೋಗಿಗಳು ಐದು ನಿಮಿಷಗಳಿಗೂ ಮಿಕ್ಕಿ ಒಂದೇ ಉಸಿರನ್ನು ಸುರಕ್ಷಿತವಾಗಿ ಹಿಡಿಯಬಲ್ಲರೆಂದು 2016ರಲ್ಲಿ ತೋರಿಸಿದರು. ಉಸಿರು ಹಿಡಿಯಬೇಕಾದ ದಿನಗಳೂ ಕಡಿಮೆಯಾಗುತ್ತಿವೆ: ಹಿಂದೆ ಐದು ವಾರಗಳಲ್ಲಿ 25 ಸಲ ಕೊಡುತ್ತಿದ್ದ ಕಿರಣವನ್ನು ಮೂರು ವಾರಗಳಲ್ಲಿ 15 ಸಲಕ್ಕೆ ಇಳಿಸಿದ್ದಾಯಿತು. ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ಸಾಕೆಂದು ಬ್ರಿಟನ್ನಿನ ಪರೀಕ್ಷೆಯೊಂದು 2020ರಲ್ಲಿ ವರದಿ ಮಾಡಿತು. ಉಸಿರು ಹಿಡಿದು ಚಿಕಿತ್ಸೆ ಪಡೆದ ಮೊದಲ ತಲೆಮಾರಿನ ಹೆಂಗಸರು, ಹಿಂದಿನವರಲ್ಲಿ ಹಾನಿಯು ಮುಂದುವರಿದಿದ್ದ ಆ ಮೂರನೆಯ ದಶಕಕ್ಕೆ ಈಗ ತಾನೆ ಕಾಲಿಟ್ಟಿದ್ದಾರೆ. ಅವರ ಎಡಬಲಗಳ ಲೆಕ್ಕವನ್ನೂ ಯಾರಾದರೂ ಕುಳಿತು ಹಾಕಬೇಕು, ಅದಕ್ಕೆ ಬೇಕಾದ ಚಿಕಿತ್ಸಾಪತ್ರಗಳು ರಾಯಲ್ ಓಕ್‌ನಲ್ಲಿಯೂ ಕೋಪನ್‌ಹೇಗನ್ನಿನಲ್ಲಿಯೂ ಇರುವಂತೆ ಬೆಂಗಳೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ, ಹೃದಯಕ್ಕೆ ಬಿದ್ದ ಪ್ರಮಾಣದ ಅಂಕಿಯ ಸಮೇತ, ಜೋಪಾನವಾಗಿ ಉಳಿದಿರಬೇಕು.